ಪ್ಯಾಚ್ ಬರುವವರೆಗೆ ‘ಸ್ಕ್ವಾಡ್’: ಮೊದಲ ದೋಸೆ ನೆಂಟರ ತಟ್ಟೆಗೆ ಬೇಡ

‘ಸ್ಕ್ವಾಡ್’ ಎಂಬ ಯುದ್ಧದ ಪಿಸಿ ಆಟ. ಇನ್ನೂರು ಮೀಟರ್ ದೂರದ ಗೋಡೆಯ ಮೇಲೆ ಶತ್ರು ತಲೆ ಎತ್ತಿದ್ದಾನೆ. ಸ್ಕೋಪ್‌ಗೆ ಕಣ್ಣಿಟ್ಟರೆ ಪರದೆ ಅರೆ ಸೆಕೆಂಡ್ ಗಕ್ಕನೆ ನಿಲ್ಲುತ್ತದೆ. ಅದು ಮತ್ತೆ ಓಡುವ ಹೊತ್ತಿಗೆ ಗೋಡೆ ಖಾಲಿ, ನೀವು ನೆಲದ ಮೇಲೆ. ರಾತ್ರಿ ಒಂಬತ್ತರ ನಂತರ ಲಾಗಿನ್ ಆಗುವ ಹಾಸನ, ಚಿಕ್ಕಮಗಳೂರಿನ ಆಟಗಾರರು ಮುಂದಿನ ಪ್ಯಾಚ್‌ನಿಂದ, ಅಂದರೆ ಆಟವನ್ನು ತಿದ್ದುವ ಅಪ್‌ಡೇಟ್‌ನಿಂದ, ಮೊದಲು ಕೇಳುತ್ತಿರುವುದು ಈ ತಡವರಿಕೆ ಹೋಗಲಿ ಎಂದೇ. ಹೊಸ ಗನ್, ಹೊಸ ಮ್ಯಾಪ್ ಆಮೇಲೆ ಬಂದರೂ ನಡೆಯುತ್ತದೆ.

ಆಟದ ಹಿನ್ನೆಲೆ ಗೊತ್ತಿಲ್ಲದವರಿಗೆ ಇಷ್ಟು ಸಾಕು. 2005ರ ‘ಬ್ಯಾಟಲ್‌ಫೀಲ್ಡ್ 2’ಗೆ ‘ಪ್ರಾಜೆಕ್ಟ್ ರಿಯಾಲಿಟಿ’ ಎಂಬ ಮಾಡ್, ಅಂದರೆ ಅಭಿಮಾನಿಗಳೇ ಬದಲಿಸಿ ಕಟ್ಟಿದ ರೂಪ, ಇತ್ತು. ಅದನ್ನು ಕಟ್ಟಿದವರಲ್ಲಿ ಕೆಲವರು ಸೇರಿ ಶುರು ಮಾಡಿದ್ದು ‘ಸ್ಕ್ವಾಡ್’. 2015ರ ಡಿಸೆಂಬರ್‌ನಲ್ಲಿ ಅರ್ಲಿ ಆಕ್ಸೆಸ್ (ಪೂರ್ತಿಯಾಗುವ ಮುಂಚಿನ ಮಾರಾಟ), 2020ರಲ್ಲಿ ಪೂರ್ಣ ಬಿಡುಗಡೆ. ಒಂದು ಕಡೆಗೆ ಐವತ್ತು ಜನ, ಒಂದು ಸ್ಕ್ವಾಡ್‌ಗೆ ಹೆಚ್ಚೆಂದರೆ ಒಂಬತ್ತು. 2025ರಲ್ಲಿ ಇಡೀ ಆಟ ತನ್ನನ್ನು ನಡೆಸುವ ಸಾಫ್ಟ್‌ವೇರ್ ಆದ ಅನ್‌ರಿಯಲ್ ಎಂಜಿನ್ 4ರಿಂದ 5ಕ್ಕೆ ಜಿಗಿಯಿತು. ನೆರಳು, ಹೊಗೆ, ಬೆಳಕು ಕಣ್ಣಿಗೆ ಹಬ್ಬ. ಹಳೆಯ ಯಂತ್ರಗಳಿಗೆ ಆ ಹಬ್ಬದ ಖರ್ಚು ದುಬಾರಿ.

ತಡವರಿಕೆಯ ಮೂಲ ಶೇಡರ್. ಲೋಹದ ಹೊಳಪು, ಎಲೆಯ ನೆರಳು, ಗ್ರೆನೇಡ್ ಹೊಗೆ ಹೇಗೆ ಕಾಣಬೇಕೆಂದು ಗ್ರಾಫಿಕ್ಸ್ ಕಾರ್ಡ್‌ಗೆ ಹೇಳುವ ಸಣ್ಣ ಪ್ರೋಗ್ರಾಂ ಅದು. ನಿಮ್ಮ ಕಾರ್ಡ್‌ಗೆ, ಅದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್‌ಗೆ ಹೊಂದುವಂತೆ ಅದನ್ನು ನಿಮ್ಮ ಪಿಸಿಯಲ್ಲೇ ಕಂಪೈಲ್ ಮಾಡಬೇಕು, ಅಂದರೆ ಕಾರ್ಡ್‌ನ ಭಾಷೆಗೆ ತರಬೇಕು. ಒಮ್ಮೆ ಆದದ್ದು ಡಿಸ್ಕ್‌ನಲ್ಲಿ ಕೂಡಿಡುವ ಜಾಗವಾದ ಕ್ಯಾಶ್‌ನಲ್ಲಿ ಉಳಿಯುತ್ತದೆ. ಪ್ಯಾಚ್ ಬಂದರೆ ಅಥವಾ ಡ್ರೈವರ್ ಬದಲಿಸಿದರೆ ಆ ಕ್ಯಾಶ್‌ನ ದೊಡ್ಡ ಪಾಲು ಕೆಲಸಕ್ಕೆ ಬಾರದು. ಕಂಪೈಲ್ ಆಗದ ವಸ್ತು ಆಟದ ನಡುವೆ ಕಣ್ಣಿಗೆ ಬಿದ್ದರೆ ಎಂಜಿನ್ ಅಲ್ಲೇ ನಿಂತು ಅದನ್ನು ಸಿದ್ಧ ಮಾಡಿಕೊಳ್ಳುತ್ತದೆ. ಹಂಚು ಕಾಯುವ ಮುಂಚೆ ಹೊಯ್ದ ಮೊದಲ ದೋಸೆ ಕಚ್ಚಿಕೊಂಡಂತೆ. ಮೊದಲ ದೋಸೆಯನ್ನು ನೆಂಟರ ತಟ್ಟೆಗೆ ಹಾಕುವುದಿಲ್ಲವಲ್ಲ, ಹಾಗೆಯೇ ಪ್ಯಾಚ್ ಆದ ಮೊದಲ ಇಪ್ಪತ್ತು ನಿಮಿಷವನ್ನು ನಿಜವಾದ ಮ್ಯಾಚ್‌ಗೆ ಕೊಡಬಾರದು.

ಆ ಇಪ್ಪತ್ತು ನಿಮಿಷ ಏನು ಮಾಡಬೇಕು? ಆಟ ಕೊಂಡು ಇಳಿಸಿಕೊಳ್ಳುವ ಸ್ಟೀಮ್ ಆ್ಯಪ್‌ನಲ್ಲಿ ಆಟದ ಪ್ರಾಪರ್ಟೀಸ್‌ಗೆ ಹೋಗಿ ಫೈಲ್ ವೆರಿಫೈ ಮಾಡಿ. ಆಟ ತೆರೆದು ಸೆಟ್ಟಿಂಗ್ಸ್‌ನಲ್ಲಿ ಕ್ಯಾಶ್ ಕ್ಲಿಯರ್ ಮಾಡಿ, ಮುಚ್ಚಿ, ಮತ್ತೆ ತೆರೆಯಿರಿ. ಎನ್‌ವಿಡಿಯಾ ಕಾರ್ಡ್ ಇದ್ದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಶೇಡರ್ ಕ್ಯಾಶ್ ಮಿತಿಯನ್ನು 10 ಜಿಬಿಗೆ ಏರಿಸಿ, ಇಲ್ಲದಿದ್ದರೆ ಬೇರೆ ಆಟಗಳು ಬಂದು ಇದರ ಜಾಗ ತಿನ್ನುತ್ತವೆ. ಆಮೇಲೆ ‘ಜೆನ್ಸೆನ್ಸ್ ರೇಂಜ್’ ಎಂಬ ಅಭ್ಯಾಸದ ಮ್ಯಾಪ್‌ಗೆ ಇಳಿಯಿರಿ. ನೀವು ಸಾಮಾನ್ಯವಾಗಿ ಹಿಡಿಯುವ ಮೂರು ನಾಲ್ಕು ಕಿಟ್‌ಗಳನ್ನು (ಪಾತ್ರಕ್ಕೆ ತಕ್ಕ ಆಯುಧಗಳ ಕಟ್ಟು) ಒಂದೊಂದಾಗಿ ತೆಗೆದುಕೊಂಡು ಪ್ರತಿ ಸ್ಕೋಪ್‌ನಲ್ಲೂ ಕಣ್ಣಿಡಿ, ನಾಲ್ಕಾರು ಗುಂಡು ಹೊಡೆಯಿರಿ. ಸ್ಮೋಕ್ ಎಸೆದು ಅದರ ಒಳಗೆ ನಡೆಯಿರಿ. ರಾಕೆಟ್ ಹಾರಿಸಿ. ಒಂದು ಟ್ರಕ್, ಒಂದು ಟ್ಯಾಂಕ್ ಹತ್ತಿ ಸುತ್ತಾಡಿ. ಅಲ್ಲಿ ಎಷ್ಟು ನಿಂತು ನಿಂತು ಓಡಿತೋ ಮ್ಯಾಚ್‌ನಲ್ಲಿ ಅಷ್ಟು ಕಡಿಮೆ ನಿಲ್ಲುತ್ತದೆ. ಬೇಸರದ ಕೆಲಸ ನಿಜ. ಸದ್ಯಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಇಲ್ಲ.

ಇಷ್ಟಾದ ಮೇಲೂ ಸ್ಕೋಪ್ ಹಿಡಿದಾಗ ಫ್ರೇಮ್ ಕುಸಿದರೆ ಅದು ಬೇರೆ ಕಾಯಿಲೆ. 2023ರ ದೊಡ್ಡ ಅಪ್‌ಡೇಟ್‌ನಿಂದ ಸ್ಕೋಪ್‌ಗಳು ಪಿಕ್ಚರ್ ಇನ್ ಪಿಕ್ಚರ್ ಆಗಿವೆ. ಗಾಜಿನೊಳಗೆ ಕಾಣುವ ದೃಶ್ಯ ಬೇರೆ, ಸುತ್ತ ಕಾಣುವ ದೃಶ್ಯ ಬೇರೆ, ಅಂದರೆ ಕಾರ್ಡ್ ಒಂದೇ ಜಾಗವನ್ನು ಎರಡು ಸಲ ಬಿಡಿಸುತ್ತದೆ. ಸ್ಕೋಪ್ ಚಿತ್ರದ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದರೆ ಹೊರೆ ಇಳಿಯುತ್ತದೆ. ನೆರಳು, ಪೋಸ್ಟ್ ಪ್ರೋಸೆಸಿಂಗ್ ಎರಡನ್ನೂ ತಗ್ಗಿಸಿ. ದೂರದ ವಸ್ತುಗಳು ಕಾಣುವ ಮಿತಿಯನ್ನು ಮಾತ್ರ ತಗ್ಗಿಸಬೇಡಿ, ಈ ಆಟದಲ್ಲಿ ಬದುಕು ನಿಂತಿರುವುದೇ ಅದರ ಮೇಲೆ.

ಎಂಜಿನಿಯರಿಂಗ್ ಹುಡುಗರ ಕೈಯಲ್ಲಿರುವ 4 ಜಿಬಿ ಆರ್‌ಟಿಎಕ್ಸ್ 3050 ಲ್ಯಾಪ್‌ಟಾಪ್‌ಗಳ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಅಲ್ಲಿ ಗೋಡೆ ಇರುವುದು ಕಾರ್ಡ್‌ನ ಮೆಮೊರಿಯಲ್ಲಿ. ವಸ್ತುಗಳ ಮೇಲ್ಮೈ ಚಿತ್ರಗಳಾದ ಟೆಕ್ಸ್ಚರ್ 4 ಜಿಬಿ ತುಂಬಿ ಹೊರಗೆ ಚೆಲ್ಲಿದರೆ ಮಿಕ್ಕದ್ದು ಸಾಮಾನ್ಯ ರ‍್ಯಾಮ್‌ಗೆ ಹೋಗುತ್ತದೆ, ಅಲ್ಲಿಂದ ಎಳೆದು ತರುವಾಗ ಆಟ ಎಳೆದಾಡುತ್ತದೆ. ಟೆಕ್ಸ್ಚರ್ ಲೋಗೆ ಇಳಿಸಿ, ಬ್ರೌಸರ್ ಮುಚ್ಚಿ, ಚಾರ್ಜರ್ ಹಾಕಿಯೇ ಆಡಿ, ಬ್ಯಾಟರಿಯಲ್ಲಿ ಕಾರ್ಡ್ ಅರ್ಧ ಶಕ್ತಿಗೂ ಏರುವುದಿಲ್ಲ. 8 ಜಿಬಿ ರ‍್ಯಾಮ್‌ನ ಒಂದೇ ಕಡ್ಡಿ ಇದ್ದರೆ ಮೊದಲ ಖರ್ಚು ಇನ್ನೊಂದು ಕಡ್ಡಿಗೆ. ಸಣ್ಣ ಚಿತ್ರವನ್ನು ಹಿಗ್ಗಿಸಿ ತೋರಿಸುವ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಬಳಸುವುದಾದರೆ ಕ್ವಾಲಿಟಿ ಮೋಡ್‌ಗೆ ನಿಲ್ಲಿಸಿ. ಪರ್ಫಾರ್ಮೆನ್ಸ್ ಮೋಡ್ ಫ್ರೇಮ್ ಹೆಚ್ಚಿಸುತ್ತದೆ, ಆದರೆ ಮುನ್ನೂರು ಮೀಟರ್ ಆಚೆಯ ತಲೆ ಎರಡು ಪಿಕ್ಸೆಲ್‌ನಷ್ಟಿರುತ್ತದೆ, ಅದನ್ನೇ ಒರೆಸಿಹಾಕುತ್ತದೆ.

2023ರ ಅಪ್‌ಡೇಟ್ ಎಂದಾಗ ಆಟಗಾರರು ಈಗಲೂ ಎರಡು ಪಾಲು. ಓಡಿ ಬಂದವನ ಕೈ ನಡುಗುವುದು, ಗುಂಡಿನ ಮಳೆಯಲ್ಲಿ ಕಣ್ಣು ಮಂಜಾಗುವುದು, ಗನ್ ಹೆಚ್ಚು ಒದೆಯುವುದು, ಎಲ್ಲ ಅಂದಿನಿಂದ. ಗುರಿ ಹಿಡಿಯುವ ಕೈಚಳಕಕ್ಕೆ ಬೆಲೆ ಇಳಿಯಿತು ಎಂದು ಹಳಬರು ಹೇಳುತ್ತಾರೆ. ನನಗೆ ಆ ಬದಲಾವಣೆ ಸರಿ ಅನ್ನಿಸುತ್ತದೆ. ಒಬ್ಬ ಮೆಷಿನ್ ಗನ್ ಹಿಡಿದು ಕಿಟಕಿಯತ್ತ ಹೊಡೆಯುತ್ತಿದ್ದರೆ ಒಳಗಿರುವವನು ತಲೆ ಹೊರಹಾಕಲಾರ, ಅಷ್ಟರಲ್ಲಿ ಮಿಕ್ಕವರು ಪಕ್ಕದಿಂದ ನುಗ್ಗಬಹುದು. ಒಬ್ಬನೇ ಬೇಟೆಯಾಡುವವನ ದಾರಿ ಮುಚ್ಚಿ ಒಂಬತ್ತು ಜನರ ದಾರಿ ತೆರೆದದ್ದು ಆ ಅಪ್‌ಡೇಟ್.

ಆ ಒಂಬತ್ತು ಜನರ ಮಾತಿಗಾಗಿಯೇ ಇಷ್ಟೆಲ್ಲ ತಡವರಿಕೆ ಸಹಿಸುವುದು. ವಿ ಒತ್ತಿದರೆ ಸ್ಕ್ವಾಡ್‌ಗೆ, ಬಿ ಒತ್ತಿದರೆ ಹತ್ತಿರ ಇರುವವರಿಗೆ, ಸ್ಕ್ವಾಡ್ ಲೀಡರ್‌ಗಳು ತಮ್ಮೊಳಗೆ ಮಾತಾಡಲು ಜಿ. ಬಿ ದನಿ ದೂರ ಹೋದಂತೆ ಕುಗ್ಗುತ್ತದೆ, ಗೋಡೆಯಾಚೆ ನಡೆದು ಹೋಗುವವನ ಮಾತು ನಿಜಕ್ಕೂ ದೂರ ಸರಿದಂತೆ ಕೇಳುತ್ತದೆ. ಹೊಸಬರು ಮೊದಲು ಕಲಿಯಬೇಕಾದದ್ದು ದಿಕ್ಕು ಹೇಳುವುದನ್ನು. ‘ಅಲ್ಲಿದಾನೆ ನೋಡೋ, ಅಲ್ಲೇ!’ ಎಂದರೆ ಎಂಟು ಜನ ಎಂಟು ಕಡೆ ತಿರುಗುತ್ತಾರೆ. ‘ಅಲ್ಲಿ ಅಂದ್ರೆ ಎಲ್ಲಿ ಗುರೂ?’ ಎಂದು ಯಾರೋ ಕೇಳುವಷ್ಟರಲ್ಲಿ ಗುಂಡು ಬಂದಿರುತ್ತದೆ. ಪರದೆಯ ಕೆಳಗಿನ ದಿಕ್ಸೂಚಿ ನೋಡಿ ಮೊದಲು ಡಿಗ್ರಿ, ಆಮೇಲೆ ದೂರ, ಕೊನೆಗೆ ಗುರುತು: ‘240, ನೂರೈವತ್ತು ಮೀಟರ್, ನೀಲಿ ಗೇಟಿನ ಎಡಕ್ಕೆ ಇಬ್ಬರು.’ ಇಷ್ಟೇ. ಮ್ಯಾಪ್‌ನ ಚೌಕ ಹೇಳುವಾಗ ‘ಡಿ 7, ಕೀಪ್ಯಾಡ್ 3’ ಎನ್ನುತ್ತಾರೆ. ಆ ಕೀಪ್ಯಾಡ್ ಫೋನಿನದಲ್ಲ, ಕಂಪ್ಯೂಟರ್ ಕೀಬೋರ್ಡಿನದು. 7, 8, 9 ಮೇಲಿನ ಸಾಲಿನಲ್ಲಿ, 1, 2, 3 ಕೆಳಗೆ. ಇದು ಗೊತ್ತಿಲ್ಲದೆ ಉತ್ತರಕ್ಕೆ ಓಡಬೇಕಾದವರು ದಕ್ಷಿಣಕ್ಕೆ ಓಡುತ್ತಾರೆ.

ಮ್ಯಾಚ್ ಶುರುವಾಗುವ ಮುಂಚೆ ಸಿಗುವ ಕೆಲವು ನಿಮಿಷಗಳ ಸಿದ್ಧತೆಯ ಹೊತ್ತು ನನಗೆ ಇಡೀ ಆಟದಲ್ಲೇ ಅತಿ ಪ್ರಿಯವಾದದ್ದು. ಡಿಕಾಕ್ಷನ್ ಮೊದಲೇ ಇಳಿಸಿಟ್ಟಿದ್ದರೆ ಹಾಲು ಕಾಯಿಸಿ ಲೋಟ ತಂದಿಡುವಷ್ಟು ಸಮಯ. ಲೀಡರ್ ಮ್ಯಾಪ್ ತೆರೆದು ಗೆರೆ ಎಳೆಯುತ್ತಾನೆ: ‘ಮಗಾ, ನೀನು ಲಾಜಿ ಓಡ್ಸು. ಸೇತುವೆ ದಾಟ್ಬೇಡ, ಈ ಕಡೆ ಕಾಡಲ್ಲೇ ರೇಡಿಯೋ ಹಾಕಣ.’ ಲಾಜಿ ಎಂದರೆ ಸಾಮಗ್ರಿ ಟ್ರಕ್, ರೇಡಿಯೋ ಎಂದರೆ ಮುಂಚೂಣಿ ನೆಲೆಯ ಕೇಂದ್ರ. ಕಟ್ಟಲು ಬೇಕಾದ ಸರಕು, ಮದ್ದುಗುಂಡು ಎರಡನ್ನೂ ಮೇನ್ ಬೇಸ್‌ನಲ್ಲಿ ತುಂಬಿಕೊಂಡು ರೇಡಿಯೋ ಪಕ್ಕ ಇಳಿಸಬೇಕು. ಆ ಸರಕಿನಿಂದ ಅಲ್ಲಿ ಹ್ಯಾಬ್ ಎಂಬ ಠಾಣೆ ಏಳುತ್ತದೆ, ಸತ್ತವರು ಅಲ್ಲಿಂದ ಮತ್ತೆ ಬರಬಹುದು. ಬರೀ ಮದ್ದುಗುಂಡು ತುಂಬಿಕೊಂಡು ಬಂದರೆ ಹ್ಯಾಬ್ ಕಟ್ಟಲಾಗದು. ಒಂದೂ ಗುಂಡು ಹೊಡೆಯದೆ ಮ್ಯಾಚ್ ಗೆಲ್ಲಿಸುವ ಕೆಲಸ ಇದು, ಗುರಿ ಸರಿಯಿಲ್ಲದವರಿಗೂ ಇಲ್ಲಿ ಗೌರವ ಇದೆ.

ಒಂದು ಮ್ಯಾಚ್ ಮುಗಿಯಲು ಮುಕ್ಕಾಲು ಗಂಟೆ, ಕೆಲವೊಮ್ಮೆ ಒಂದು ಗಂಟೆ ಮೀರುತ್ತದೆ. ಜೂನ್ ದಾಟಿದ ಮೇಲೆ ಸಕಲೇಶಪುರ, ಮೂಡಿಗೆರೆ ಕಡೆ ಗಾಳಿಗೆ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಅಷ್ಟು ಹೊತ್ತು ಕರೆಂಟ್ ಉಳಿಯುವುದು ಕಷ್ಟ. 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಗೇಮಿಂಗ್ ಪಿಸಿಯನ್ನು ಐದಾರು ನಿಮಿಷ ಹಿಡಿದಿಟ್ಟರೆ ಅದೇ ಹೆಚ್ಚು. ಆ ಐದು ನಿಮಿಷದಲ್ಲಿ ಲೀಡರ್ ಸ್ಥಾನವನ್ನು ಇನ್ನೊಬ್ಬರಿಗೆ ಕೊಟ್ಟು, ಹೇಳಿ ಹೊರಡಿ. ಲೀಡರ್ ಸದ್ದಿಲ್ಲದೆ ಮಾಯವಾದರೆ ಎಂಟು ಜನ ಕಾಡಿನಲ್ಲಿ ಅನಾಥ. ಯುಪಿಎಸ್ ಇದ್ದೂ ಕರೆಂಟ್ ಹೋದ ತಕ್ಷಣ ಪಿಸಿ ಆಫ್ ಆಗುತ್ತಿದ್ದರೆ ಬ್ಯಾಟರಿ ಒಂದನ್ನೇ ದೂರಬೇಡಿ. ಪಿಸಿಯೊಳಗಿನ ಪವರ್ ಸಪ್ಲೈಗಳಲ್ಲಿ ‘ಆ್ಯಕ್ಟಿವ್ ಪಿಎಫ್‌ಸಿ’ ಎಂದು ಬರೆದ ಕೆಲವಕ್ಕೆ ಅಗ್ಗದ ಯುಪಿಎಸ್‌ನ ಚೌಕಾಕಾರದ ಅಲೆ ಒಗ್ಗುವುದಿಲ್ಲ, ಪ್ಯೂರ್ ಸೈನ್ ವೇವ್ ಬೇಕಾಗುತ್ತದೆ.

ರೌಟರ್‌ಗೆ ಬೇರೆಯದೇ 12 ವೋಲ್ಟ್‌ನ ಮಿನಿ ಯುಪಿಎಸ್ ಇಡಿ, ಗಂಟೆಗಟ್ಟಲೆ ಓಡುತ್ತದೆ. ಲ್ಯಾಪ್‌ಟಾಪ್ ಇದ್ದವರಿಗೆ ಇದೊಂದರಿಂದಲೇ ಮ್ಯಾಚ್ ಉಳಿಯಬಹುದು. ಆದರೆ ಸಂಪರ್ಕ ಯಾವ ಬಗೆಯದು ನೋಡಿಕೊಳ್ಳಿ. ಫೈಬರ್ ನಿಮ್ಮ ಮನೆಯೊಳಗಿನ ಒಎನ್‌ಟಿ ಪೆಟ್ಟಿಗೆವರೆಗೂ (ಫೈಬರ್‌ನ ಮೋಡೆಮ್) ಬಂದಿದ್ದರೆ ಬೀದಿಯ ಸ್ಪ್ಲಿಟರ್‌ಗೆ ಕರೆಂಟ್ ಬೇಡ. ಕಂಬದ ಪೆಟ್ಟಿಗೆಯಿಂದ ಲ್ಯಾನ್ ವೈರ್ ಎಳೆದು ಕೊಟ್ಟಿದ್ದರೆ ಆ ಪೆಟ್ಟಿಗೆಯ ಸ್ವಿಚ್ ಬೀದಿಯ ಕರೆಂಟ್ ಜತೆಗೇ ಹೋಗುತ್ತದೆ, ನಿಮ್ಮ ಮಿನಿ ಯುಪಿಎಸ್ ವ್ಯರ್ಥ. ಹೊಸ ಸಂಪರ್ಕ ಹಾಕಿಸುವಾಗ ಈ ಪ್ರಶ್ನೆ ಕೇಳಲೇಬೇಕು. ಪಿಸಿಗೆ ವೈಫೈ ಬದಲು ಕೇಬಲ್ ಹಾಕಿ. ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರುವ ಹೊತ್ತು) 80 ಮಿಲಿಸೆಕೆಂಡ್ ಇದ್ದರೂ ಸ್ಥಿರವಾಗಿದ್ದರೆ ಆಡಬಹುದು, ಪ್ಯಾಕೆಟ್ ಕಳೆದುಹೋದರೆ ಮೊದಲು ತುಂಡಾಗುವುದು ದನಿ. ಹೆಂಚಿನ ಮನೆ, ಶೀಟಿನ ಮನೆಯವರು ಮೈಕ್ ಸದಾ ತೆರೆದಿಡಬೇಡಿ, ಆಗುಂಬೆಯ ಮಳೆಯನ್ನೇ ಎಂಟು ಜನರ ಕಿವಿಗೆ ಸುರಿದಂತಾಗುತ್ತದೆ. ಶಬ್ದ ತೆಗೆಯುವ ಸಾಫ್ಟ್‌ವೇರ್‌ಗಳಲ್ಲಿ ಕೆಲವು ಗ್ರಾಫಿಕ್ಸ್ ಕಾರ್ಡ್‌ನ ಪಾಲು ತಿನ್ನುತ್ತವೆ, 4 ಜಿಬಿ ಕಾರ್ಡ್‌ನವರು ಅಂಥವುಗಳ ಗೋಜಿಗೆ ಹೋಗಬೇಡಿ.

ಪ್ಯಾಚ್ ಬರುವ ದಿನದ ಇನ್ನೊಂದು ತೊಡಕು ಡಿಸ್ಕ್. ಡೌನ್‌ಲೋಡ್ ನಾಲ್ಕೈದು ಜಿಬಿಯೇ ಇರಲಿ, ಸ್ಟೀಮ್ ದೊಡ್ಡ ದೊಡ್ಡ ಪ್ಯಾಕ್ ಫೈಲ್‌ಗಳನ್ನು ನಕಲು ಮಾಡಿ ತಿದ್ದಿ ಬರೆಯುತ್ತದೆ. ಹಾಗಾಗಿ ಡೌನ್‌ಲೋಡ್ ಮುಗಿದರೂ ‘ಪ್ಯಾಚಿಂಗ್’ ಮುಗಿಯುವುದಿಲ್ಲ, ಹಾರ್ಡ್ ಡಿಸ್ಕ್‌ನಲ್ಲಂತೂ ಗಂಟೆ ಹಿಡಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಆಟದ ಗಾತ್ರದಷ್ಟೇ ಜಾಗ ಖಾಲಿ ಬಿಟ್ಟಿರಿ. ತೋಟದ ಮನೆಯಲ್ಲಿದ್ದು ದಿನಕ್ಕೆ 2 ಜಿಬಿ ಮೊಬೈಲ್ ಡೇಟಾ ನಂಬಿದವರು ಪೇಟೆಯ ಸ್ನೇಹಿತರ ಪಿಸಿಯಿಂದ ಸ್ಟೀಮ್ಆ್ಯಪ್ಸ್‌ನ ಕಾಮನ್ ಫೋಲ್ಡರ್‌ನಲ್ಲಿರುವ ಆಟವನ್ನು ಎಸ್‌ಎಸ್‌ಡಿಗೆ ತುಂಬಿಕೊಳ್ಳಿ. ಮನೆಯಲ್ಲಿ ಅದೇ ಜಾಗಕ್ಕೆ ಹಾಕಿ ಇನ್‌ಸ್ಟಾಲ್ ಒತ್ತಿದರೆ ಸ್ಟೀಮ್ ಇರುವ ಫೈಲ್ ಗುರುತಿಸಿ ಕೊರತೆಯನ್ನಷ್ಟೇ ಇಳಿಸುತ್ತದೆ. ಒಂದೇ ನೆಟ್‌ವರ್ಕ್‌ನಲ್ಲಿ ಎರಡು ಪಿಸಿ ಇದ್ದರೆ 2023ರಿಂದ ಸ್ಟೀಮ್ ತಾನೇ ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತದೆ.

ಈಗ ಕೊಳ್ಳಬೇಕೇ? 8 ಜಿಬಿ ಮೆಮೊರಿಯ ಕಾರ್ಡ್, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದು, ಸಂಜೆ ಒಂದು ಗಂಟೆ ಎಡೆಬಿಡದೆ ಕೂರಬಲ್ಲವರು ಮುಂದಿನ ಸೇಲ್‌ನಲ್ಲಿ ಕೊಳ್ಳಲಿ. 4 ಜಿಬಿಯವರು ಪ್ಯಾಚ್ ನೋಡಿ ನಿರ್ಧರಿಸಲಿ. ಕೊಂಡ 14 ದಿನದೊಳಗೆ, ಆಡಿದ ಸಮಯ 2 ಗಂಟೆ ಮೀರದಿದ್ದರೆ ಸ್ಟೀಮ್ ಹಣ ವಾಪಸ್ ಕೊಡುತ್ತದೆ. ಜೆನ್ಸೆನ್ಸ್ ರೇಂಜ್‌ನಲ್ಲಿ ಕಳೆದದ್ದೂ ಆ ಎರಡು ಗಂಟೆಯಲ್ಲೇ ಸೇರುತ್ತದೆ, ಗಡಿಯಾರ ನೋಡಿಕೊಳ್ಳಿ.

ಮೂಲ ಆಟದಲ್ಲಿ ಭಾರತೀಯ ಸೇನೆ ಇಲ್ಲ. ನರ್ವಾ ಮ್ಯಾಪ್‌ನ ಬೀದಿಯಲ್ಲೋ ಫಲ್ಲುಜಾ ಮ್ಯಾಪ್‌ನ ಮಹಡಿಯ ಮೇಲೋ ಬ್ರಿಟಿಷ್, ಕೆನಡಾದಂಥ ಬೇರೆ ಸೇನೆಯ ಸಮವಸ್ತ್ರ ತೊಟ್ಟೇ ಆಡಬೇಕು. ಆದರೆ ಸ್ಕ್ವಾಡ್‌ಗೆ ಹೆಸರಿಡುವ ಹಕ್ಕು ಅದನ್ನು ತೆರೆದವರದು. ಅಲ್ಲಿ ‘ಕನ್ನಡ’ ಎಂದು ಬರೆದು, ಬೀಗ ಹಾಕದೆ ಬಿಡಿ.