ಮಾಳಿಗೆಯ ಕೈತೋಟಕ್ಕೆ 50 ಶೇಕಡಾ ಶೇಡ್ ನೆಟ್: ಕಲಬುರಗಿಯ ಮೂರು ಬೇಸಿಗೆಗಳ ಅನುಭವ

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಕುಂಡಗಳಿಗೆ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನದೊಳಗೆ ಆರಿಹೋಗುತ್ತದೆ. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ಮುಟ್ಟುವುದು ಇಲ್ಲಿ ಅಪರೂಪವಲ್ಲ. ಅದೂ ನೆರಳಿನಲ್ಲಿ ಅಳೆದ ಲೆಕ್ಕ. ಕಾದ ಮಾಳಿಗೆಯ ಮೇಲೆ ಕುಳಿತ ಕುಂಡದೊಳಗಿನ ಬೇರಿನ ಪಾಡು ಬೇರೆಯೇ. ಇಂಥ ಊರಿನಲ್ಲಿ ಬೇಸಿಗೆಯಲ್ಲೂ ಸೊಪ್ಪು ತರಕಾರಿ ಬೆಳೆಯಬೇಕೆಂಬ ಆಸೆಯಿಂದ ನಾನು ಕೊಂಡ ಹಸಿರು ಶೇಡ್ ನೆಟ್ಟನ್ನು, ಅಂದರೆ ಗಿಡಗಳ ಮೇಲೆ ನೆರಳಿಗೆ ಕಟ್ಟುವ ಬಲೆಯನ್ನು, ಮೂರು ಬೇಸಿಗೆ ಬಳಸಿದ್ದೇನೆ.

ಮೊದಲ ಖರೀದಿಯಲ್ಲಿ ತಪ್ಪಾಯಿತು. ದಟ್ಟವಾಗಿದ್ದಷ್ಟೂ ತಂಪು ಹೆಚ್ಚು ಎಂದು ಹೇಳಿ ಅಂಗಡಿಯವರು 90 ಶೇಕಡಾದ ನೆಟ್ ಕೊಟ್ಟರು. ನೆಟ್ಟಿನ ಮೇಲೆ ಹೇಳುವ ಈ ಅಂಕಿ ಅದು ತಡೆಯುವ ಬಿಸಿಲಿನ ಪ್ರಮಾಣ. ಅಂದರೆ ಗಿಡಕ್ಕೆ ದಕ್ಕುವುದು ಹತ್ತನೆಯ ಒಂದು ಪಾಲು ಮಾತ್ರ. ಅದರ ಕೆಳಗೆ ನಿಂತರೆ ನಮಗೆ ಹಾಯೆನಿಸುತ್ತಿತ್ತು, ಆದರೆ ಮೂರು ವಾರಗಳಲ್ಲಿ ಮೆಣಸಿನ ಗಿಡಗಳು ಬೆಳಕನ್ನು ಹುಡುಕುತ್ತ ಬಡಕಲಾಗಿ ಎತ್ತರಕ್ಕೆ ಹೋಗಿ, ಗೆಣ್ಣಿನಿಂದ ಗೆಣ್ಣಿಗೆ ಬೆರಳುದ್ದ ಅಂತರವಾಗಿ, ಒಂದು ಹೂವನ್ನೂ ಬಿಡಲಿಲ್ಲ. ಆಮೇಲೆ ಬೇರೆಡೆ 20 ಅಡಿ ಉದ್ದ, 15 ಅಡಿ ಅಗಲದ 50 ಶೇಕಡಾದ ನೆಟ್ಟನ್ನು, ಅಂಚು ಹೊಲಿಸಿ ಐಲೆಟ್ (ಹಗ್ಗ ಪೋಣಿಸುವ ಬಳೆ) ಹಾಕಿಸಿ, 1,350 ರೂಪಾಯಿ ಕೊಟ್ಟು ತಂದೆ. ಈ ಬರಹ ಅದರ ಬಗ್ಗೆಯೇ.

ಸೊಪ್ಪುಗಳಿಗೆ ಇದರಿಂದ ಆದ ಉಪಕಾರವನ್ನು ಎಷ್ಟು ಹೇಳಿದರೂ ಕಡಿಮೆ. ಹಿಂದೆ ಮಾರ್ಚ್ ಕೊನೆಗೇ ಎಲೆಯಂಚು ಸುಟ್ಟು ಬಾಡುತ್ತಿದ್ದ ಪಾಲಕ್ ಮತ್ತು ರಾಜಗಿರಿಯನ್ನು ಮೇ ಎರಡನೆಯ ವಾರದವರೆಗೂ ಕೊಯ್ದಿದ್ದೇವೆ. ಕುಂಡದ ಮಣ್ಣಿನ ಮೇಲೆ ಎರಡು ಬೆರಳು ದಪ್ಪ ತೊಗರಿ ಹೊಟ್ಟನ್ನೂ ಹರಡಿದ್ದರಿಂದ ದಿನಕ್ಕೆ ಎರಡು ಬಾರಿ ಹಾಕುತ್ತಿದ್ದ ನೀರು ಒಂದೇ ಬಾರಿಗೆ ಸಾಕಾಯಿತು. ತೊಗರಿಯ ನಾಡಿನಲ್ಲಿ ಆ ಹೊಟ್ಟಿಗೆ ಕೊರತೆಯೂ ಇಲ್ಲ.

ಟೊಮೆಟೊ ವಿಷಯದಲ್ಲಿ ಮಾತ್ರ ಹೆಚ್ಚಿನ ನಿರೀಕ್ಷೆ ಇಟ್ಟುಕೊಳ್ಳಬಾರದು. ಹಗಲಿನ ತಾಪ 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊದ ಪರಾಗ ಕೆಟ್ಟು, ಹೂವು ಕಾಯಿ ಕಟ್ಟದೆ ಉದುರುತ್ತದೆ. ನೆಟ್ ಬಿಸಿಲನ್ನು ತಡೆಯುತ್ತದೆಯೇ ಹೊರತು ಬಿಸಿಗಾಳಿಯನ್ನಲ್ಲ. ಗಿಡ ಸಾಯದೆ ಮಳೆಗಾಲದವರೆಗೆ ಉಳಿಯಿತು, ಅಷ್ಟೇ. ಇನ್ನು ದುಂಡುಮಲ್ಲಿಗೆ, ಕರಿಬೇವು, ಕಾಗದದ ಹೂವಿನ ಗಿಡಗಳನ್ನು ಇದರ ಕೆಳಗೆ ತರಲೇಬೇಡಿ. ಮಲ್ಲಿಗೆಗೆ ಉರಿಬಿಸಿಲೇ ಹಬ್ಬ. ಏಪ್ರಿಲ್ ಸಂಜೆ ನೀರು ಹಾಕಲು ಮೇಲೆ ಹೋದಾಗ ಬಿಸಿ ನೆಲದ ಹಬೆಯ ಜೊತೆಗೆ ಬಿರಿಯುತ್ತಿರುವ ಮೊಗ್ಗಿನ ವಾಸನೆ ಬರುವುದು ಈ ಊರಿನ ಬೇಸಿಗೆ ನನಗೆ ಕೊಟ್ಟಿರುವ ದೊಡ್ಡ ಸುಖ.

ಕೊಳ್ಳುವುದಕ್ಕಿಂತ ಕಟ್ಟುವುದರಲ್ಲಿ ಹೆಚ್ಚು ಎಚ್ಚರ ಬೇಕು. ಮೊದಲು ನಾನು ಅದನ್ನು ಪ್ಯಾರಾಪೆಟ್ ಗೋಡೆಯ ಮಟ್ಟಕ್ಕೆ ಕಟ್ಟಿದ್ದರಿಂದ ಕೆಳಗೆ ಬಿಸಿಗಾಳಿ ಸಿಕ್ಕಿಕೊಂಡು ಒಲೆಯ ಬಾಯಿಯಂತಾಗಿತ್ತು. ಪೈಪುಗಳನ್ನು ನಿಲ್ಲಿಸಿ ಏಳು ಅಡಿಗೆ ಎತ್ತರಿಸಿ, ಪಶ್ಚಿಮಕ್ಕೆ ಮಾತ್ರ ಮೂರು ಅಡಿ ಇಳಿಬಿಟ್ಟು ಪೂರ್ವವನ್ನು ಪೂರ್ತಿ ತೆರೆದಿಟ್ಟ ಮೇಲೆ ಎಳೆಬಿಸಿಲೂ ಗಾಳಿಯೂ ಜೇನುಹುಳುಗಳೂ ಒಳಗೆ ಬಂದವು. ಎರಡನೆಯ ತೊಂದರೆ ಮೇ ತಿಂಗಳ ಮಳೆಗಿಂತ ಮೊದಲು ಬೀಸುವ ಬಿರುಗಾಳಿಯದು. ಬೈಂಡಿಂಗ್ ವೈರಿನಿಂದ ಬಿಗಿದಿದ್ದ ನೆಟ್ಟಿನ ಎರಡು ಐಲೆಟ್‌ಗಳು ಒಂದೇ ರಾತ್ರಿ ಕಿತ್ತುಬಂದವು. ಈಗ ಪ್ರತಿ ಐಲೆಟ್ಟಿಗೂ ಹಳೆಯ ಸೈಕಲ್ ಟ್ಯೂಬಿನ ಒಂದು ಗೇಣು ತುಂಡನ್ನು ಗಂಟು ಹಾಕಿ, ಅದರ ಇನ್ನೊಂದು ತುದಿಗೆ ನೈಲಾನ್ ಹಗ್ಗ ಕಟ್ಟಿ ಪೈಪಿಗೆ ಬಿಗಿದಿದ್ದೇನೆ. ಗಾಳಿ ಬಂದಾಗ ರಬ್ಬರು ಹಿಗ್ಗುತ್ತದೆ, ನೆಟ್ ಹರಿಯುವುದಿಲ್ಲ. ಆಮೇಲೆ ಒಂದು ಐಲೆಟ್ ಕೂಡ ಹೋಗಿಲ್ಲ.

ಬಾಳಿಕೆಯ ದೃಷ್ಟಿಯಿಂದ ಕೊಟ್ಟ ಹಣಕ್ಕೆ ಮೋಸವಿಲ್ಲ. ಹೋಳಿ ಹುಣ್ಣಿಮೆ ಕಳೆದ ವಾರ ಕಟ್ಟಿ, ಮಿರಗದ (ಮೃಗಶಿರಾ) ಮಳೆ ಹಿಡಿದ ಕೂಡಲೇ ಬಿಚ್ಚಿ, ತೊಳೆದು ಒಣಗಿಸಿ, ಸುತ್ತಿಡುತ್ತೇನೆ. ಮೋಡದ ದಿನಗಳಲ್ಲೂ ಹಾಗೆಯೇ ಬಿಟ್ಟರೆ ಗಿಡಗಳಿಗೆ ಬೆಳಕು ಸಾಲದು, ಎಲೆಗಳಿಗೆ ಬೂಜು ಹಿಡಿಯುತ್ತದೆ. ಮೂರನೆಯ ಬೇಸಿಗೆಯ ಕೊನೆಗೆ ಪಶ್ಚಿಮದ ಅಂಚು ಬಣ್ಣಗೆಟ್ಟು, ಬೆರಳಿನಿಂದ ಉಜ್ಜಿದರೆ ಎಳೆ ತುಂಡಾಗುವಷ್ಟು ಸವೆದಿತ್ತು. ಆ ಭಾಗವನ್ನು ಒಂದೂವರೆ ಅಡಿ ಕತ್ತರಿಸಿ ಅಂಚನ್ನು ಮತ್ತೆ ಹೊಲಿಸಿದ್ದೇನೆ. ಉಳಿದದ್ದು ಗಟ್ಟಿಯಾಗಿದೆ, ಮುಂದಿನ ಬೇಸಿಗೆಗೆ ಅದನ್ನೇ ಕಟ್ಟುತ್ತೇನೆ.