ಸೈಟು ಮಾರೋಕೆ ಹೋಗಿ ₹6 ಲಕ್ಷ ಕಳ್ಕೊಂಡೆ. ಹಾಸನದವರು ದಯವಿಟ್ಟು ಓದಿ

ಇದನ್ನ ಬರೆಯೋದಾ ಬೇಡವಾ ಅಂತ ಒಂದು ತಿಂಗಳು ಯೋಚನೆ ಮಾಡಿದೆ. ನಾಚಿಕೆ ಆಗುತ್ತೆ. "ಅಷ್ಟೂ ಗೊತ್ತಾಗಲಿಲ್ವಾ ನಿನಗೆ" ಅಂತ ನಮ್ಮನೆಯವರೇ ಕೇಳಿದರು. ಆದರೆ ಹೋದ ವಾರ ನನಗೆ ಮೋಸ ಮಾಡಿದ ಬ್ರೋಕರ್ ಪಕ್ಕದ ಬೀದಿಯ ಒಬ್ಬ ಅಜ್ಜಿಯ ಮನೆ ಮುಂದೆ ಸ್ಕೂಟರ್ ನಿಲ್ಲಿಸಿ ಮಾತಾಡ್ತಾ ನಿಂತಿದ್ದ. ಆ ಅಜ್ಜಿನೂ ಮನೆ ಮಾರಬೇಕು ಅಂತಿದ್ದಾರೆ. ಅವರಿಗೆ ಹೋಗಿ ಎಲ್ಲಾ ಹೇಳಿ ಬಂದೆ. ಉಳಿದವರಿಗೆ ಇಲ್ಲಿ ಹೇಳ್ತಿದ್ದೇನೆ.

ಸಾಲಗಾಮೆ ರಸ್ತೆ ಕಡೆ ನಮ್ಮಪ್ಪ 2003ರಲ್ಲಿ ತಗೊಂಡ 30-40 ಸೈಟು. ಅಪ್ಪ ಹೋದ ಮೇಲೆ ಖಾತೆ ನನ್ನ ಹೆಸರಿಗೆ ಆಯ್ತು. ಮಗನ ಇಂಜಿನಿಯರಿಂಗ್ ಫೀಸು, ಮನೆ ಸಾಲ ಎರಡೂ ಒಟ್ಟಿಗೆ ಕುತ್ತಿಗೆಗೆ ಬಂತು. ಮಾರೋಣ ಅಂದುಕೊಂಡೆವು. ಬ್ರೋಕರ್ ಹೊಸಬನಲ್ಲ. ಅಪ್ಪನ ಕಾಲದಿಂದ ಪರಿಚಯ. ಅಪ್ಪನ ತಿಥಿಗೆ ಬಂದು ನಮ್ಮನೇಲಿ ಎಲೆ ಮುಂದೆ ಕೂತು ಊಟ ಮಾಡಿದವನು. ನನ್ನನ್ನ ಅಕ್ಕ ಅಂತಲೇ ಕರೆಯೋದು. ಅದಕ್ಕೇ ಇಷ್ಟು ಉರಿಯುತ್ತೆ.

"ಎಲ್ಲರೂ ಬೂವನಹಳ್ಳಿ ಏರ್‌ಪೋರ್ಟ್ ಕಡೆ ಓಡ್ತಿದ್ದಾರೆ ಅಕ್ಕ, ನಿಮ್ಮ ಕಡೆ ಈಗ ಕೇಳೋರೇ ಇಲ್ಲ" ಅಂದ. ಅಡಿಗೆ 1,450 ಮಾತ್ರ ಬರುತ್ತೆ ಅಂದ. ನಾನು ಒಪ್ಪಲಿಲ್ಲ. ನನ್ನ ಎದುರಿಗೇ ಫೋನ್ ತೆಗೆದು "ಸಾರ್, ಅಕ್ಕ ಒಪ್ತಿಲ್ಲ, ಹೆಣ್ಮಗಳು, ಸ್ವಲ್ಪ ನೋಡಿ ಸಾರ್" ಅಂತ ಹತ್ತು ನಿಮಿಷ ಬೇಡಿಕೊಂಡ. ಕೊನೆಗೆ ಫೋನ್ ಇಟ್ಟು, "ಗೆದ್ದೆ ಅಕ್ಕ, 1,500ಕ್ಕೆ ತಂದೆ" ಅಂದ. ನಾನು ಅವನಿಗೆ ಕಾಫಿ ಮಾಡಿ ಕೊಟ್ಟೆ. ಆ ಫೋನಿನ ಆ ಕಡೆ ಯಾರಿದ್ದರೋ ದೇವರಿಗೇ ಗೊತ್ತು. ತಗೊಂಡವರಂತೂ ಅಲ್ಲ, ಅವರೇ ಆಮೇಲೆ ಹೇಳಿದರು.

1,200 ಅಡಿಗೆ ₹18 ಲಕ್ಷ. ನನ್ನಿಂದ ಶೇ. 2 ಕಮಿಷನ್, ₹36,000. ತಗೊಳ್ಳೋರ ನಂಬರ್ ಕೇಳಿದರೆ "ನೇರ ಮಾತಾಡಬೇಡಿ ಅಕ್ಕ, ರೇಟು ಕೆಡುತ್ತೆ" ಅಂದ. ಬ್ರೋಕರ್‌ಗಳು ಹಾಗೇ ಅಲ್ವಾ, ಪಾರ್ಟಿ ಕೈ ತಪ್ಪಿಹೋಗುತ್ತೆ ಅಂತ ಭಯ ಇರುತ್ತೆ, ಇರಲಿ ಬಿಡು ಅಂದುಕೊಂಡೆ. ರಿಜಿಸ್ಟರ್ ದಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಗಂಡ ಹೆಂಡತಿ ಒಂದು ತುದಿಗೆ, ನಾನು ಒಂದು ತುದಿಗೆ. ಮಧ್ಯೆ ಅವನು. ಎರಡು ಗಂಟೆ ಅಲ್ಲಿಂದ ಏಳಲಿಲ್ಲ. ದುಡ್ಡು ಆರ್‌ಟಿಜಿಎಸ್ ಆಗಿ ಬಂತು, ಫೋಟೋ ತೆಗೆದರು, ಹೆಬ್ಬೆಟ್ಟು ಒತ್ತಿದೆ, ಮುಗೀತು.

ಮೂರು ವಾರ ಆದ ಮೇಲೆ ತಗೊಂಡವರ ಮನೆಯಿಂದ ಫೋನ್. ಖಾತೆ ಬದಲಾವಣೆಗೆ ಹಳೆಯ ಕಂದಾಯದ ರಸೀದಿ ಬೇಕಂತೆ. ಪತ್ರದಲ್ಲಿದ್ದ ಅಡ್ರೆಸ್ ನೋಡಿ ನಾನೇ ಕೊಟ್ಟು ಬರೋಣ ಅಂತ ಹೋದೆ. ಆ ಹೆಣ್ಮಗಳು ಕಾಫಿ ಕೊಟ್ಟು ಕೂತುಕೊಂಡು ಮೆಲ್ಲಗೆ ಕೇಳಿದರು: "ಮೇಡಂ, ಕ್ಯಾಶೇ ಬೇಕು ಅಂತ ಯಾಕೆ ಹಟ ಹಿಡಿದ್ರಿ? ಆ ₹6 ಲಕ್ಷ ಹೊಂದಿಸೋಕೆ ನನ್ನ ಒಡವೆ ಅಡ ಇಟ್ವಿ."

ನನಗೆ ಅರ್ಥವೇ ಆಗಲಿಲ್ಲ. ಯಾವ ಆರು ಲಕ್ಷ?

ಅವರು ಒಳಗೆ ಹೋಗಿ ಒಂದು ಚೀಟಿ ತಂದರು. ಕ್ಯಾಲೆಂಡರ್ ಹಾಳೆಯ ಹಿಂಭಾಗ. ಅವನದೇ ಕೈಬರಹ, ನನಗೆ ಚೆನ್ನಾಗಿ ಗೊತ್ತು. 1200 × 2000 = 24,00,000. ಅದರ ಕೆಳಗೆ ಆರ್‌ಟಿಜಿಎಸ್ 18. ಅದರ ಕೆಳಗೆ ಕ್ಯಾಶ್ 6, ಪಕ್ಕದಲ್ಲಿ "ಪಾರ್ಟಿಗೆ". ಪಾರ್ಟಿ ಅಂದರೆ ನಾನು! ಕಮಿಷನ್ 48,000 ಅಂತ ಬೇರೆ ಬರೆದು ಸುತ್ತ ಗೆರೆ ಹಾಕಿದ್ದಾನೆ.

ಕೈ ನಡುಗೋಕೆ ಶುರುವಾಯ್ತು. "ನನಗೆ ಬಂದಿಲ್ಲಮ್ಮ" ಅಂದೆ. ಅವರು ಮೊದಲು ನಂಬಲಿಲ್ಲ. ನಾನು ಸುಳ್ಳು ಹೇಳ್ತಿದ್ದೀನಿ ಅಂತಲೇ ಅವರ ಮುಖ ಹೇಳ್ತಿತ್ತು. ಅದನ್ನ ಮರೆಯೋಕೆ ಆಗ್ತಿಲ್ಲ. ಬ್ಯಾಂಕ್ ಪಾಸ್‌ಬುಕ್ ತೋರಿಸಬೇಕಾಯ್ತು, ದೇವರ ಫೋಟೋ ಮುಂದೆ ಆಣೆ ಮಾಡಬೇಕಾಯ್ತು. ಕದ್ದವನು ಅವನು, ಆಣೆ ಮಾಡಿದ್ದು ನಾನು.

ಅಲ್ಲಿಂದಲೇ ಫೋನ್ ಮಾಡಿದೆ. ಅವನ ಉತ್ತರಗಳನ್ನ ಹಾಗೇ ಬರೀತೀನಿ. ಮೊದಲು, "ಅಕ್ಕ, ನಿಮಗೆ ಹೇಳಿದ ದುಡ್ಡು ಬಂತೋ ಇಲ್ವೋ?" ಬಂತು ಅಂದೆ. "ಮತ್ತೆ ಇನ್ನೇನು ಪ್ರಾಬ್ಲಮ್?" ಚೀಟಿ ವಿಷಯ ಎತ್ತಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನನ್ನ ಸಾಮರ್ಥ್ಯ ಅಕ್ಕ. ನೀವು 1,500ಕ್ಕೆ ಒಪ್ಪಿದ್ರಿ, ಮೇಲಿಂದು ನನ್ನದು. ಇಡೀ ಹಾಸನದಲ್ಲಿ ಎಲ್ಲರೂ ಹೀಗೇ ಮಾಡೋದು." ಹಾಗಾದರೆ ನನ್ನಿಂದ ಕಮಿಷನ್ ಯಾಕೆ ತಗೊಂಡೆ ಅಂದೆ. ಅದಕ್ಕೆ ಉತ್ತರ ಇಲ್ಲ. ಕೊನೆಗೆ, "ಬ್ರೋಕರ್‌ಗೆಲ್ಲಾ ಎಲ್ಲಿ ಕಾನೂನು ಇದೆ ಅಕ್ಕ, ಸುಮ್ನೆ ಇರಿ. ಕ್ಯಾಶ್ ವಿಷಯ ಆಚೆ ಬಂದರೆ ನಿಮಗೇ ತೊಂದರೆ." ಅಕ್ಕ ಅಕ್ಕ ಅಂತಲೇ ಹೆದರಿಸಿದ.

ಕಾನೂನು ಇದೆ. ನಾನು ಹೋಗಿ ವಕೀಲರನ್ನ ಕೇಳಿದೆ. 1872ರ ಕರಾರು ಕಾಯ್ದೆಯಲ್ಲೇ ಇದೆ. ನಮ್ಮ ಪರವಾಗಿ ವ್ಯವಹಾರ ಮಾಡೋನು ಕೇಳಿದಾಗ ಲೆಕ್ಕ ಕೊಡಬೇಕು, ಅದು 213ನೇ ಸೆಕ್ಷನ್. ನಮ್ಮ ಹೆಸರಲ್ಲಿ ಇಸ್ಕೊಂಡ ದುಡ್ಡನ್ನ ನಮಗೇ ಕೊಡಬೇಕು, 218. ಆ ಕೆಲಸದಲ್ಲಿ ಮೋಸ ಮಾಡಿದರೆ ಕಮಿಷನ್ ಕೇಳೋ ಹಕ್ಕೂ ಇಲ್ಲ, 220. ಮೂರನ್ನೂ ಒಂದು ಹಾಳೆ ಮೇಲೆ ಬರೆಸಿಕೊಂಡು ಬಂದೆ. 1,500ಕ್ಕೆ ಒಪ್ಪಿದ್ದೆ ಅನ್ನೋದು ನೆಪ ಅಷ್ಟೇ ಅಂದರು ಅವರು. ನಾನು ಒಪ್ಪಿದ್ದು 2,000 ಕೊಡೋರು ಇದ್ದಾರೆ ಅನ್ನೋದನ್ನ ಅವನು ಮುಚ್ಚಿಟ್ಟಿದ್ದರಿಂದ.

ಅವನ ಕಾರ್ಡ್ ಮೇಲೆ ದಪ್ಪಕ್ಷರದಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಅಂತ ಇದೆ, ನೋಂದಣಿ ನಂಬರ್ ಮಾತ್ರ ಇಲ್ಲ. ರೇರಾ ವೆಬ್‌ಸೈಟಲ್ಲಿ ಹುಡುಕಿದೆ, ಅವನ ಹೆಸರೇ ಇಲ್ಲ. ಆದರೆ ನಮ್ಮಂಥ ಹಳೆಯ ಬಿಡಿ ಸೈಟಿನ ಮಾರಾಟ ರೇರಾ ಕೆಳಗೆ ಬರಲ್ವಂತೆ. ರೇರಾ ನೋಂದಣಿ ಬೇಕಾದ ಹೊಸ ಲೇಔಟ್, ಅಪಾರ್ಟ್‌ಮೆಂಟ್ ಮಾರಿಸೋ ಏಜೆಂಟ್ ಮಾತ್ರ 2016ರ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಲೇಬೇಕು, ಪ್ರತಿ ವ್ಯವಹಾರದಲ್ಲೂ ಆ ನಂಬರ್ ಹಾಕಬೇಕು. ಇಲ್ಲದಿದ್ದರೆ ದಿನಕ್ಕೆ ₹10,000 ದಂಡ, ಸೈಟಿನ ಬೆಲೆಯ ಶೇ. 5ರವರೆಗೆ. ಹೊಸ ಲೇಔಟಲ್ಲಿ ತಗೊಳ್ಳೋರು ಕಾರ್ಡ್ ನೋಡಿ ನಂಬಬೇಡಿ, ನಂಬರ್ ಕೇಳಿ.

ಇನ್ನೊಂದು ವಿಷಯ ಕೇಳಿ ನಿದ್ದೆಯೇ ಹಾರಿಹೋಯ್ತು. ಆಸ್ತಿ ವ್ಯವಹಾರದಲ್ಲಿ ₹20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ಆ ದುಡ್ಡು ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅಂದರೆ ನಾನು ಕಣ್ಣಲ್ಲೂ ನೋಡದ ₹6 ಲಕ್ಷಕ್ಕೆ ಚೀಟಿಯಲ್ಲಿ ನನ್ನನ್ನ ಸಿಕ್ಕಿಸಿ ಇಟ್ಟಿದ್ದಾನೆ. ಸೈಟು ತಗೊಂಡವರೂ ಈಗ ಹಿಂದೆ ಸರೀತಿದ್ದಾರೆ, "ಕೋರ್ಟಿಗೆ ಕರೀಬೇಡಿ ಮೇಡಂ" ಅಂತಾರೆ. ಅವರಿಗೂ ನನ್ನ ಹೆಸರು ಹೇಳಿ ಮೋಸ ಮಾಡಿದ್ದಾನೆ, ಆದರೂ ಕ್ಯಾಶ್ ಕೊಟ್ಟ ಭಯ. ಚೀಟಿಯ ಫೋಟೋ ಅವತ್ತೇ ತೆಗೆದುಕೊಂಡಿದ್ದೆ. ಅದೊಂದು ಪುಣ್ಯ.

ಮಾರೋರು ದಯವಿಟ್ಟು ತಗೊಳ್ಳೋರ ಜೊತೆ ಒಂದು ಸಲ ಎದುರೆದುರು ಕೂತು ರೇಟು ಬಾಯಿಬಿಟ್ಟು ಹೇಳಿಸಿಕೊಳ್ಳಿ. ಬ್ರೋಕರ್ ಬೇಡ ಅಂದರೆ ಅವನನ್ನೇ ಬಿಡಿ. ಕಮಿಷನ್ ಎಷ್ಟು, ಯಾರ ಕಡೆಯಿಂದ, ಒಂದು ಹಾಳೆ ಮೇಲೆ ಬರೆಸಿ ಸಹಿ ಹಾಕಿಸಿ. ಪರಿಚಯದವನಾದರೆ ಇನ್ನೂ ಮೊದಲು ಬರೆಸಿ.

ವಕೀಲರ ನೋಟಿಸ್ ಹೋಯ್ತು. ಅದಕ್ಕೆ ಅವನ ಕಡೆಯಿಂದ ಬಂದ ಉತ್ತರದಲ್ಲಿ, ಅವನು ಬ್ರೋಕರೇ ಅಲ್ವಂತೆ. ಪರಿಚಯದವರು ಅಂತ ಸಹಾಯ ಮಾಡಿದ್ದಂತೆ, ಒಂದು ರೂಪಾಯಿನೂ ತಗೊಂಡಿಲ್ವಂತೆ. ರಿಜಿಸ್ಟರ್ ದಿನ ಸಂಜೆ 5.40ಕ್ಕೆ ನಾನು ಅವನ ನಂಬರ್‌ಗೆ ₹36,000 ಫೋನ್‌ಪೇ ಮಾಡಿದ್ದೆ. ಮೆಸೇಜಲ್ಲಿ "ಸೈಟ್ ಕಮಿಷನ್, ಥ್ಯಾಂಕ್ಸ್ ಕಣಪ್ಪ" ಅಂತ ಬರೆದಿದ್ದೆ. ಅವನು ಕೈ ಮುಗಿಯೋ ಚಿತ್ರ ಕಳಿಸಿದ್ದ. ನಿನ್ನೆ ಎರಡನ್ನೂ ಪ್ರಿಂಟ್ ತೆಗೆಸಿ ವಕೀಲರಿಗೆ ಕೊಟ್ಟು ಬಂದಿದ್ದೇನೆ.