ಸಾಣಾಪುರದ ಬಂಡೆ ನಾಡಲ್ಲಿ ರಾತ್ರಿ: ಡೋಮ್ ಟೆಂಟಾ, ತಾಡಪತ್ರಿಯಾ?

ಗಂಗಾವತಿ ಕಡೆ ನೀರು, ಕರೆಂಟು, ಶೌಚಾಲಯ ಯಾವುದೂ ಇಲ್ಲದ ಬಯಲಲ್ಲಿ ಮಲಗಲು ಯಾವುದು ಒಯ್ಯಬೇಕು ಅಂತ ಕೇಳಿದ್ದೀರಿ.

ಖರ್ಚಿನಲ್ಲಿ ತಾಡಪತ್ರಿಯೇ ಅಗ್ಗ. ಹಗ್ಗ, ಎರಡು ಕೋಲು ಇದ್ದರೆ ಆಯ್ತು.

ಆದರೆ ನೆಲ ನೋಡಿ. ಇಲ್ಲಿ ಕಾಲಡಿ ಗ್ರಾನೈಟ್, ಗೂಟ ಇಳಿಯುವುದೇ ಇಲ್ಲ. ಡೋಮ್ ಟೆಂಟ್ ತನ್ನ ಕಡ್ಡಿಗಳ ಮೇಲೇ ನಿಲ್ಲುತ್ತದೆ. ಗಾಳಿಗೆ ಹಾರದಂತೆ ಮೂಲೆಗಳಿಗೆ ಕಲ್ಲು ಕಟ್ಟಿದರೆ ಸಾಕು. ತಾಡಪತ್ರಿಯ ಹಗ್ಗಕ್ಕೆ ದೊಡ್ಡ ಗುಂಡುಕಲ್ಲು ಹುಡುಕಬೇಕು. ಕತ್ತಲಾದ ಮೇಲೆ ಅದು ಬೇಡವೇ ಬೇಡ!

ಸೆಕೆ ಬೇರೆ ಲೆಕ್ಕ. ಹಗಲು ಕಾದ ಬಂಡೆ ರಾತ್ರಿಯೂ ಬಿಸಿ ಬಿಡುತ್ತಿರುತ್ತದೆ. ಮಾರ್ಚ್ ನಂತರ ಮುಚ್ಚಿದ ಟೆಂಟ್ ಒಲೆಯಂತೆ. ಆಗ ತಾಡಪತ್ರಿ ಜೊತೆ ಸೊಳ್ಳೆಪರದೆ ಸುಖ. ಡಿಸೆಂಬರ್, ಜನವರಿಯ ಥಂಡಿಗೆ ಟೆಂಟೇ ಸರಿ.

ಚೇಳು, ಹಾವಿನ ಭಯ ಇದ್ದರೆ, ಮಕ್ಕಳು ಜೊತೆಗಿದ್ದರೆ, ಜಿಪ್ ಇರುವ ಟೆಂಟ್ ತಗೊಳ್ಳಿ. ಕರಡಿ, ಚಿರತೆಗೆ ಮಾತ್ರ ಎರಡೂ ಬಟ್ಟೆಯೇ, ಅಲ್ವಾ? ಈ ಗುಡ್ಡಗಳಲ್ಲಿ ಅವು ಓಡಾಡುತ್ತವೆ. ಊರಿನವರನ್ನು ಕೇಳಿ, ಜಾಗದ ಒಡೆಯರ ಒಪ್ಪಿಗೆ ಪಡೆದು, ಮನೆಗಳ ಹತ್ತಿರವೇ ಮಲಗಿ.

ಒಬ್ಬರೇ, ನಡೆದೇ ಹೋಗುವವರಾದರೆ ತಾಡಪತ್ರಿ ಹಗುರ. ಉಳಿದ ಭಾರ ನೀರಿಗಿರಲಿ. ತಲೆಗೆ ದಿನಕ್ಕೆ 4–5 ಲೀಟರ್ ಬೇಕು.